ಪನ್ನಾಯದಲ್ಲಿ ಹಣ್ಣಿಲ್ಲ

ಇದು ಒಂದು ತಿದ್ದುಪಡಿ. ತಪ್ಪು ಬೇರೆಯವರದಲ್ಲ, ನನ್ನದೇ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಸ್ಮರಣ ಸಂಚಿಕೆಗೆ ಬನವಾಸಿ ನಾಡಿನ ಶಾಸನಗಳಲ್ಲಿ ಬರುವ ಸುಂಕಗಳ ಬಗ್ಗೆ ನಾಲ್ಕು ಪುಟ ಬರೆದುಕೊಟ್ಟಿದ್ದೆ. ನಾಳೆ ಅಚ್ಚಿಗೆ ಹೋಗಬೇಕು ಅಂದಾಗ ಇವತ್ತು ರಾತ್ರಿ ಕೂತು ಬರೆದ ಲೇಖನ. ಕಲ್ಯಾಣ ಚಾಳುಕ್ಯರ ಕಾಲದ ಶಾಸನಗಳಲ್ಲಿ ವಡ್ಡರಾವುಳ, ಪನ್ನಾಯ, ಪೆರ್ಜುಂಕ, ಬಿಲ್ಕೊಡೆ ಅಂತ ಒಂದರ ಹಿಂದೆ ಒಂದು ಬರುತ್ತವಲ್ಲ, ಆ ಹೆಸರುಗಳ ಮುಂದೆ ಆವರಣದಲ್ಲಿ ಒಂದೊಂದು ಅರ್ಥ ಹಾಕಿದ್ದೆ. ಪೆರ್ಜುಂಕಕ್ಕೆ ‘ದೊಡ್ಡ ಸುಂಕ’ ಅಂತ ಹಾಕಿದ್ದು ಸರಿಯೇ ಇತ್ತು. ಪನ್ನಾಯಕ್ಕೆ ಬಂದಾಗ ಕೈ ತಡೆಯಲಿಲ್ಲ. ‘ಪಣ್’ ಅಂದರೆ ಹಣ್ಣು, ‘ಆಯ’ ಅಂದರೆ ವರಮಾನ, ಹಾಗಾದರೆ ‘ಹಣ್ಣಿನ ಮೇಲಿನ ತೆರಿಗೆ’. ಬರೆದೆ, ಕೊಟ್ಟೆ, ಮರೆತೆ.

ಆ ಆವರಣದೊಳಗಿನ ಮೂರು ಪದ ನನ್ನನ್ನು ಮರೆಯಲಿಲ್ಲ. ಹೋದ ವರ್ಷ ಅದು ವಾಟ್ಸಪ್ಪಿನಲ್ಲಿ ವಾಪಸ್ ಬಂತು. ಮೇಲೆ ಮಾವು, ಹಲಸಿನ ಚಿತ್ರ. ಕೆಳಗೆ ‘ಸಾವಿರ ವರ್ಷದ ಹಿಂದೆಯೇ ಮಲೆನಾಡಿನಲ್ಲಿ ಹಣ್ಣಿನ ವ್ಯಾಪಾರಕ್ಕೆ ಪ್ರತ್ಯೇಕ ತೆರಿಗೆ ಇತ್ತು, ಶಾಸನವೇ ಸಾಕ್ಷಿ’ ಅಂತ ಹೆಮ್ಮೆಯ ಒಕ್ಕಣೆ. ನನ್ನ ಹೆಸರು ಅದರಲ್ಲಿ ಇರಲಿಲ್ಲ, ಅದೊಂದು ಪುಣ್ಯ. ಆಮೇಲೆ ಒಬ್ಬ ಶಿಕ್ಷಕರು ಫೋನ್ ಮಾಡಿ, ಮಕ್ಕಳ ಪ್ರಾಜೆಕ್ಟಿಗೆ ಈ ಮಾಹಿತಿ ಹಾಕಿಸಿದ್ದೀವಿ, ಶಾಸನದ ಫೋಟೊ ಒಂದು ಸಿಗ್ಬಹುದಾ ಸಾರ್ ಅಂತ ಕೇಳಿದರು. ಆಗ ನಾನು ಸುಮ್ಮನಿದ್ದೆ ಅನ್ನೋದು ಮೊದಲಿನ ತಪ್ಪಿಗಿಂತ ದೊಡ್ಡ ತಪ್ಪು. ಹುಡುಕಿ ಕಳಿಸ್ತೀನಿ ಅಂದೆ. ಏನು ಹುಡುಕಲಿ?

ಸಿಗಂದೂರಿಗೆ ಹೋಗುವ ದಾರಿಯಲ್ಲಿ ಈ ವಿಷಯ ನನ್ನ ಸೋದರಮಾವನ ಹತ್ತಿರ ಹೇಳಿದೆ. ಸಾಗರ ಸೀಮೆಯ ಅಡಿಕೆ ಬೆಳೆಗಾರರು ಅವರು. ಶಾಸನ ಓದಿದವರಲ್ಲ, ಓದಬೇಕು ಅಂತ ಅನಿಸಿದವರೂ ಅಲ್ಲ. ಹಿಂದೆ ಅಂಬಾರಗೋಡ್ಲು ಕಡೆಯ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯುತ್ತಾ ಇಂಥ ಮಾತುಗಳೆಲ್ಲ ಆಗುತ್ತಿದ್ದವು. 2025ರ ಜುಲೈನಲ್ಲಿ ಸೇತುವೆ ಆದ ಮೇಲೆ ಕಾಯೋದೇ ಇಲ್ಲ, ಮಾತು ಶುರುವಾಗುವ ಹೊತ್ತಿಗೆ ಕಳಸವಳ್ಳಿ ಬಂದಿರುತ್ತದೆ. ಆದರೂ ಮಾವ ಒಂದೇ ವಾಕ್ಯದಲ್ಲಿ ಮುಗಿಸಿದರು: ‘ಹಣ್ಣಾದ್ಮೇಲೆ ಅದಕ್ಕೆ ರೇಟೆಲ್ಲಿದ್ಯ ಮಾರಾಯ? ರೇಟಿಲ್ದೇ ಇದ್ದಿದ್ದಕ್ಕೆ ಯಾವ ರಾಜ ಸುಂಕ ಹಾಕ್ತ?’

ಮೊದಲು ನಕ್ಕೆ. ಆಮೇಲೆ ಯೋಚಿಸಿದೆ. ನಮ್ಮಂಥವರು ಶಾಸನದ ಪದವನ್ನು ನಿಘಂಟಿನಲ್ಲಿ ಹುಡುಕುತ್ತೇವೆ, ಆ ಪದ ಇನ್ನೂ ಬದುಕಿರುವ ಬಾಯಿಯಲ್ಲಿ ಹುಡುಕೋದಿಲ್ಲ. ಅದಕ್ಕೆ ಈ ಬರಹದಲ್ಲಿ ಪನ್ನಾಯಕ್ಕೆ ಬರುವ ಮೊದಲು ಹಣ್ಣಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಚೌಡೇಶ್ವರಿ ದೇವಸ್ಥಾನದ ಮುಂದಿನ ಅಂಗಡಿಗಳಲ್ಲಿ ಕೂಗುವ ಪದವನ್ನೇ ನೋಡಿ: ಹಣ್ಣುಕಾಯಿ. ‘ಹಣ್ಣುಕಾಯಿ ಮಾಡ್ಸ್ಕಂಡ್ ಬಂದ್ವಿ’ ಅಂತ ಹೇಳುವಾಗ ಯಾರೂ ಅದನ್ನು ಬಿಡಿಸಿ ಯೋಚಿಸೋದಿಲ್ಲ. ಹಣ್ಣು ಅಂದರೆ ಬಾಳೆಹಣ್ಣು, ಕಾಯಿ ಅಂದರೆ ತೆಂಗಿನಕಾಯಿ. ತೆಂಗಿನಕಾಯಿ ಎಷ್ಟೇ ಬಲಿತರೂ ಕಾಯಿಯೇ. ಒಣಗಿ ಕೊಬ್ಬರಿ ಆಗುತ್ತದೆಯೇ ಹೊರತು ಹಣ್ಣು ಆಗುವುದಿಲ್ಲ. ತೆಂಗಿನಹಣ್ಣು ಅನ್ನುವ ಮಾತು ಕನ್ನಡದಲ್ಲಿಲ್ಲ. ನಿಂಬೆಹಣ್ಣು ಹಸಿರಾಗಿದ್ದರೂ ಹಣ್ಣು, ಅದೇ ಉಪ್ಪಿಗೆ ಬಿದ್ದರೆ ಉಪ್ಪಿನಕಾಯಿ. ಅಂದರೆ ನಮ್ಮ ಮಾತಿನಲ್ಲಿ ಕಾಯಿ, ಹಣ್ಣು ಅನ್ನೋದು ಸಸ್ಯಶಾಸ್ತ್ರದ ವರ್ಗೀಕರಣವಲ್ಲ. ಆ ವಸ್ತುವನ್ನು ನಾವು ಯಾವ ಸ್ಥಿತಿಯಲ್ಲಿ ಬಳಸುತ್ತೇವೆ ಅನ್ನೋದರ ಲೆಕ್ಕ.

ಇಲ್ಲೇ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ, ಮುಂದೆ ಉಪಯೋಗಕ್ಕೆ ಬರುತ್ತದೆ. ಹಣ್ಣುಕಾಯಿ ಬೇರೆ, ಹಣ್ಣುಗಾಯಿ ಬೇರೆ. ಮೊದಲನೆಯದು ಕೈಕಾಲು, ಕೆರೆಕಟ್ಟೆ ಇದ್ದ ಹಾಗೆ ಎರಡು ವಸ್ತುಗಳ ಜೋಡಿ. ಜೋಡಿಯಲ್ಲಿ ಸಾಮಾನ್ಯವಾಗಿ ಕಕಾರ ಗಕಾರ ಆಗುವುದಿಲ್ಲ. ಎರಡನೆಯದು ಮಳೆಗಾಲ, ಹಳೆಗನ್ನಡದ ಹಾಗೆ ಒಂದೇ ವಸ್ತು, ಮೊದಲ ಪದ ಎರಡನೆಯದಕ್ಕೆ ವಿಶೇಷಣ. ಕಸುಗಾಯಿ, ದೋರೆಗಾಯಿ ಎಲ್ಲ ಇದೇ ದಾರಿ. ‘ಹೊಡೆದು ಹಣ್ಣುಗಾಯಿ ನೀರುಗಾಯಿ ಮಾಡಿದರು’ ಅಂತ ಬೈಗುಳದ ಜಗಳದಲ್ಲಿ ಕೇಳಿರುತ್ತೀರಿ. ಅಲ್ಲಿ ದೇವರ ತಟ್ಟೆ ಇಲ್ಲ, ಏಟು ತಿಂದು ಮೆತ್ತಗಾದ ಒಂದು ಮೈ ಇದೆ. ಒಂದೇ ಒಂದು ವ್ಯಂಜನ ಗಟ್ಟಿಯೋ ಮೆತ್ತಗೋ ಅನ್ನುವುದರ ಮೇಲೆ ಅರ್ಥ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಇಷ್ಟು ಸೂಕ್ಷ್ಮವಾದ ಭಾಷೆಯಲ್ಲಿ ನಾನು ನಕಾರವನ್ನು ಣಕಾರ ಅಂತ ಓದಿ ಸುಮ್ಮನೆ ಮುಂದೆ ಹೋಗಿದ್ದೆ.

ಹಣ್ಣಿಗೆ ಮೊದಲು ಬರುವ ಹಂತಗಳಿಗೆ ಕನ್ನಡದಲ್ಲಿ ಹೆಸರುಗಳು ಬೇಕಾದಷ್ಟಿವೆ. ಹೀಚು, ಮಿಡಿ, ಎಳೆಗಾಯಿ, ಕಸುಗಾಯಿ, ಬಲಿತ ಕಾಯಿ, ದೋರೆಗಾಯಿ. ಆಮೇಲೆ ಹಣ್ಣು. ಹಣ್ಣಿನ ನಂತರ? ಕಳಿತದ್ದು, ಕೊಳೆತದ್ದು. ಮುಗೀತು. ಹತ್ತುವ ಮೆಟ್ಟಿಲು ಆರು, ಇಳಿಯೋದು ಎರಡು. ಇದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ, ಅದರಲ್ಲೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಮಟ್ಟಿಗೆ. ಇಲ್ಲಿಯ ಜೀವನ ನಡೆಯುವುದೇ ಹಣ್ಣಾಗುವ ಮೊದಲು. ಅಪ್ಪೆಮಿಡಿಯನ್ನು ಮಿಡಿಯಲ್ಲೇ ಕೊಯ್ದು ಉಪ್ಪುನೀರಿಗೆ ಹಾಕುತ್ತಾರೆ. ಅದು ಹಣ್ಣಾಗಲಿ ಅಂತ ಕಾದು ಕೂತವರು ಯಾರೂ ಇಲ್ಲ. ಹಲಸಿನ ಹಪ್ಪಳಕ್ಕೆ ಬೇಕಾದ್ದು ಬಲಿತ, ಆದರೆ ಹಣ್ಣಾಗದ ಕಾಯಿ. ಒಂದು ದಿನ ತಡವಾದರೆ ಹಪ್ಪಳ ಹೋಯಿತು. ಕಾಳುಮೆಣಸಿನ ಗೊನೆಯಲ್ಲಿ ಒಂದೆರಡು ಕಾಳು ಕೆಂಪಾದ ಕೂಡಲೇ ಇಡೀ ಗೊನೆ ಕೊಯ್ದು ಒಣಗಿಸಿದರೆ ಕರಿಮೆಣಸು. ಎಲ್ಲ ಕೆಂಪಾಗಲಿ ಅಂತ ಬಿಟ್ಟರೆ ಹಕ್ಕಿಗೆ.

ಅಡಿಕೆ ವಿಷಯಕ್ಕೆ ಬಂದರಂತೂ ಈ ಮಾತು ಪೂರ್ತಿ ಹಣದ ಲೆಕ್ಕವೇ. ಶಿವಮೊಗ್ಗ ಕಡೆಯ ಮಾರುಕಟ್ಟೆಯ ದರಪಟ್ಟಿ ತೆಗೆದು ನೋಡಿ: ಸರಕು ಅಥವಾ ಹಸ, ಬೆಟ್ಟೆ, ರಾಶಿ ಇಡಿ, ಗೊರಬಲು. ಎಲ್ಲಕ್ಕಿಂತ ಎಳೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ, ಬಲಿತ ಹಾಗೆ ಬೆಲೆ ಇಳಿಯುತ್ತದೆ. ಕೆಂಪಡಿಕೆ ಆಗಬೇಕಾದರೆ ಹಸಿರಿರುವಾಗಲೇ ಕೊನೆ ಇಳಿಸಬೇಕು, ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಚೊಗರು ಹಾಕಬೇಕು, ಒಣಗಿಸಬೇಕು. ಕೊನೆಗಾರ ಸಿಗದೆ ಎರಡು ವಾರ ತಡವಾಯಿತೋ, ಮರದಲ್ಲೇ ಹಳದಿ ತಿರುಗುತ್ತದೆ. ಅದು ಹಣ್ಣಡಿಕೆ, ಗೋಟಿಗೆ ಹೋಗುತ್ತದೆ. ಆಗ ಮನೆಯ ಜಗುಲಿಯಲ್ಲಿ ಕೇಳುವ ವಾಕ್ಯ: ‘ಅಡಕೆ ಹಣ್ಣಾಗೋತಲ!’

ಈ ವಾಕ್ಯದ ಕ್ರಿಯಾಪದ ಗಮನಿಸಿ. ಮಾವು ‘ಹಣ್ಣಾಯ್ತು’, ಬಾಳೆಗೊನೆ ‘ಹಣ್ಣಾಯ್ತು’. ಅಡಿಕೆ ಮಾತ್ರ ‘ಹಣ್ಣಾಗಿ ಹೋಯ್ತು’. ಹಾಲು ಒಡೆದುಹೋಯ್ತು, ಬಸ್ಸು ತಪ್ಪಿಹೋಯ್ತು ಅನ್ನುವಾಗ ಬರುವ ಅದೇ ‘ಹೋಗು’. ಘಟ್ಟ ಇಳಿದು ದಕ್ಷಿಣ ಕನ್ನಡಕ್ಕೆ ಹೋದರೆ ಲೆಕ್ಕ ತಲೆಕೆಳಗು. ಅಲ್ಲಿ ಅಡಿಕೆ ಹಣ್ಣಾಗಲಿ ಅಂತಲೇ ಕಾಯುತ್ತಾರೆ, ಸುಮಾರು ನಲವತ್ತು ದಿನ ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುತ್ತಾರೆ. ಆದ್ದರಿಂದ ಅಲ್ಲಿಯವರ ಬಾಯಲ್ಲಿ ಹಣ್ಣಡಿಕೆ ಅನ್ನುವ ಪದಕ್ಕೆ ನಿಟ್ಟುಸಿರು ಅಂಟಿಕೊಂಡಿಲ್ಲ. ಪದ ಒಂದೇ, ಮರ ಒಂದೇ. ಘಟ್ಟದ ಮೇಲೆ ನಷ್ಟ, ಕೆಳಗೆ ಲಾಭ. ನಿಘಂಟಿನಲ್ಲಿ ಇದಕ್ಕೆ ಎರಡು ಅರ್ಥ ಕೊಡಲು ಆಗುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಆದರೆ ಒಂದು ಊರಿನ ಶಾಸನ ಓದುವವನಿಗೆ ಇದು ಗೊತ್ತಿರಬೇಕು.

ಮಲೆನಾಡಿನಲ್ಲಿ ಮನುಷ್ಯರೂ ಹಣ್ಣಾಗುತ್ತಾರೆ. ‘ಗದ್ದೆ ಕೆಲ್ಸ ಮಾಡಿ ಮಾಡಿ ಹಣ್ಣಾದೆ’, ‘ಹಣ್ಣು ಹಣ್ಣು ಮುದುಕಿ’. ಎಲೆಯೂ ಹಣ್ಣಾಗುತ್ತದೆ, ಹಳದಿ ತಿರುಗಿ ಇನ್ನೇನು ಉದುರಬೇಕು ಅನ್ನುವ ಎಲೆ ಹಣ್ಣೆಲೆ. ತ್ರಿವೇಣಿಯವರು ಕಾದಂಬರಿಗೆ ‘ಹಣ್ಣೆಲೆ ಚಿಗುರಿದಾಗ’ ಅಂತ ಹೆಸರಿಟ್ಟಾಗ, 1968ರಲ್ಲಿ ಅದೇ ಹೆಸರಿನ ಸಿನಿಮಾ ಬಂದಾಗ, ಹೆಸರಿನೊಳಗಿನ ವಿರೋಧ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಹಣ್ಣೆಲೆ ಚಿಗುರುವುದಿಲ್ಲ, ಅದೇ ಅಲ್ಲಿನ ಮಾತು. ಕುರು ಕೂಡ ಹಣ್ಣಾಗುತ್ತದೆ, ಒಡೆದು, ಆಮೇಲೆ ಗಾಯ ಮಾಗುತ್ತದೆ. ಅಂದರೆ ಹಣ್ಣಾಗುವುದು ಬೇರೆ, ಮಾಗುವುದು ಬೇರೆ.

‘ಮಾಗು’ ಅನ್ನುವ ಈ ಇನ್ನೊಂದು ಪದದ ಬಗ್ಗೆ ಇತ್ತೀಚೆಗೆ ಬಹಳ ಸಡಿಲವಾಗಿ ಬರೆಯುತ್ತಿದ್ದಾರೆ, ಅದಕ್ಕೂ ಎರಡು ಮಾತು. ಹಣ್ಣಾಗು ಮತ್ತು ಮಾಗು ಎರಡೂ ಸಮಾನಾರ್ಥಕ ಅಂತ ಹೇಳುವವರು ಮಾವಿನಕಾಯಿ ಅಡೆ ಹಾಕಿದ ಮನೆಯಲ್ಲಿ ಇದ್ದವರಲ್ಲ. ಬಲಿತ ಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟರೆ ಮೊದಲು ಬಣ್ಣ ತಿರುಗುತ್ತದೆ, ಆಮೇಲೆ ಮೆತ್ತಗಾಗುತ್ತದೆ, ಆಮೇಲೆ ವಾಸನೆ ಮನೆಯೆಲ್ಲ ತುಂಬುತ್ತದೆ. ಆ ಕೊನೆಯದು ಮಾಗಿದ್ದು. ತೆಲುಗಿನಲ್ಲಿಯೂ ‘ಮಾಗು’ ಇದೆ; ಕೊಯ್ದ ಕಾಯಿಯನ್ನು ಇಟ್ಟು ಹಣ್ಣು ಮಾಡುವುದಕ್ಕೆ ‘ಮಾಗಬೆಟ್ಟು’ ಅನ್ನುತ್ತಾರೆ. ಅಂದರೆ ಈ ಪದದೊಳಗೆ ಕಾಲ ಇದೆ, ಕಾಯುವಿಕೆ ಇದೆ. ಕಾರ್ಬೈಡ್ ಹಾಕಿದ ಮಾವು ಹಣ್ಣಾಗಿರುತ್ತದೆ, ಮಾಗಿರುವುದಿಲ್ಲ. ಕಾನೂನು ಅದನ್ನು ನಿಷೇಧಿಸಿದೆ ಅನ್ನೋದು ಬೇರೆ ಮಾತು. ಭಾಷೆ ಅದಕ್ಕಿಂತ ಮೊದಲೇ ಎರಡು ಪದ ಇಟ್ಟುಕೊಂಡಿತ್ತು. ಎಳೆಯದನ್ನು ಕಿತ್ತು ಅಡೆ ಹಾಕಿದರೆ ಅದು ಹಣ್ಣೂ ಆಗದು, ಮಾಗಲೂ ಮಾಗದು, ಸುಕ್ಕುಗಟ್ಟುತ್ತದೆ. ಅವಸರದಲ್ಲಿ ಬರೆದ ಲೇಖನದ ಹಾಗೆ ಅಂತ ಮಾವ ಹೇಳಲಿಲ್ಲ, ನಾನೇ ಹೇಳಿಕೊಂಡೆ.

ಇನ್ನು ‘ಮಾಗಿ’. ಬೆಳೆ ಮಾಗುವ ಕಾಲ ಆದ್ದರಿಂದ ಮಾಗಿ ಕಾಲ ಅಂತ ಹಲವು ಕಡೆ ಓದಿದ್ದೇನೆ. ಕೇಳಲು ಚೆನ್ನಾಗಿದೆ, ಭತ್ತದ ಕೊಯ್ಲು ಹೆಚ್ಚುಕಡಿಮೆ ಅದೇ ಸುಮಾರಿಗೆ ಮುಗಿಯುವುದರಿಂದ ನಂಬಲೂ ಸುಲಭ. ಆದರೆ ಮಾಗಿ ಬಂದದ್ದು ಮಾಘದಿಂದ. ಶಾಸನಗಳ ತಿಥಿಯ ಸಾಲಿನಲ್ಲಿ ನಾವು ದಿನಾ ನೋಡುವ ಮಾಘವೇ ಬಾಯಿಮಾತಿನಲ್ಲಿ ಮಾಗಿ ಆಗಿದೆ. ಒಂದು ಸಂಸ್ಕೃತದ ತಿಂಗಳು, ಇನ್ನೊಂದು ದ್ರಾವಿಡದ ಕ್ರಿಯಾಪದ. ಸದ್ದು ಒಂದೇ ಆಯಿತು ಅಂತ ಸಂಬಂಧ ಕಟ್ಟಬಾರದು. ಇದನ್ನು ಇಷ್ಟು ಖಾರವಾಗಿ ಹೇಳುವ ಹಕ್ಕು ಪನ್ನಾಯದ ನಂತರ ನನಗಿದೆಯೋ ಇಲ್ಲವೋ, ಇರಲಿ.

ಈಗ ‘ಹಣ್ಣು’ ಪದದ ಹುಟ್ಟು. ಹಳಗನ್ನಡದಲ್ಲಿ ಅದು ‘ಪಣ್’. ಅದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಈಗ ನಾವು ‘ಹಣ್ಣಾಗು’ ಅಂತ ಎರಡು ಪದ ಜೋಡಿಸಿ ಹೇಳುವುದನ್ನು ಆಗ ‘ಪಣ್’ ಒಂದೇ ಹೇಳುತ್ತಿತ್ತು. ಕಣ್ ಕಣ್ಣಾದ ಹಾಗೆ, ಮಣ್ ಮಣ್ಣಾದ ಹಾಗೆ ಪಣ್ ಹಣ್ಣಾಯಿತು. ಪಕಾರ ಹಕಾರ ಆಗಿದ್ದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ, ಹೊಸನಗರ ತಾಲ್ಲೂಕಿನ ಹುಂಚಕ್ಕೆ ಹೋದರೆ ಸಾಕು. ಶಾಂತರ ಅರಸರ ಶಾಸನಗಳಲ್ಲಿ ಪೊಂಬುರ್ಚ, ಪೊಂಬುಚ್ಚ ಅಂತ ಇದ್ದ ಊರು ಇವತ್ತು ಹೊಂಬುಜ, ಹುಂಚ. ಪೊನ್ ಹೊನ್ನಾದ ದಾರಿಯಲ್ಲೇ ಪಣ್ ಹಣ್ಣಾಗಿದೆ.

ನೆರೆಯ ಭಾಷೆಗಳಲ್ಲಿ ತಮಿಳು ‘ಪೞಂ’, ತೆಲುಗು ‘ಪಂಡು’, ತುಳು ‘ಪರ್ಂದ್’. ತಮಿಳಿನ ೞಕಾರಕ್ಕೂ ತೆಲುಗಿನ ಅನುನಾಸಿಕಕ್ಕೂ ಏನು ಸಂಬಂಧ ಅಂತ ಕೇಳಿದರೆ ತುಳುವಿನ ರೂಪ ತೋರಿಸಬೇಕು. ಹಳೆಯ ೞಕಾರದ ಗುರುತಾಗಿ ರಕಾರವೂ ಅಲ್ಲಿದೆ, ಅನುನಾಸಿಕವೂ ಇದೆ. ಕನ್ನಡ ಇವೆರಡನ್ನೂ ಸೇರಿಸಿ ಒಂದು ಣಕಾರ ಮಾಡಿಕೊಂಡಿತು. ಈ ಣಕಾರ ನೆನಪಿರಲಿ.

ಇದರ ಪಕ್ಕದಲ್ಲೇ ಇನ್ನೊಂದು ‘ಪಣ್ಣು’ ಇದೆ, ಅದಕ್ಕೆ ಸಜ್ಜುಗೊಳಿಸು, ಅಣಿಮಾಡು ಅಂತ ಅರ್ಥ. ಹಳೆಯ ಯುದ್ಧವರ್ಣನೆಗಳಲ್ಲಿ ಆನೆಯನ್ನು ಪಣ್ಣುತ್ತಾರೆ, ರಥವನ್ನು ಪಣ್ಣುತ್ತಾರೆ. ನಡುಗನ್ನಡದಲ್ಲಿ ಅದೂ ‘ಹಣ್ಣು’ ಆಗಿ ಈ ಹಣ್ಣಿನ ಹಾಗೇ ಕಾಣುತ್ತದೆ. ತಮಿಳಿನಲ್ಲಿ ‘ಪಣ್ಣು’ ಅಂದರೆ ಮಾಡು ಅಂತ ಇವತ್ತಿಗೂ ದಿನಬಳಕೆಯಲ್ಲಿದೆ. ಕಿಟ್ಟೆಲ್ ತಮ್ಮ 1894ರ ನಿಘಂಟಿನಲ್ಲಿ ಇವೆರಡನ್ನು ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಈಚೆಗೆ ಕೆಲವು ಪೋಸ್ಟುಗಳಲ್ಲಿ ‘ಹಣ್ಣು ಅಂದರೆ ಪ್ರಕೃತಿ ಸಜ್ಜುಗೊಳಿಸಿದ್ದು’ ಅಂತ ಎರಡನ್ನೂ ಕಲಸಿದ್ದು ನೋಡಿದೆ. ಕಾವ್ಯವಾಗಿ ಒಪ್ಪಬಹುದು. ಆದರೆ ಆನೆಯನ್ನು ಪಣ್ಣಿದರು ಅಂತ ಬಂದ ಕಡೆ ಇವರು ಆನೆ ಹಣ್ಣಾಯಿತು ಅಂತ ಅರ್ಥ ಮಾಡುತ್ತಾರೋ?

ಹಣ್ಣು ಮತ್ತು ಹಳೆ ಒಂದೇ ಬೇರಿನವು ಅನ್ನುವ ವಾದಕ್ಕೆ ನಾನು ಅಷ್ಟು ಕಠಿಣನಲ್ಲ. ತಮಿಳಿನಲ್ಲಿ ಎರಡರಲ್ಲೂ ೞಕಾರ ಇದೆ, ಹಣ್ಣು ಹಣ್ಣು ಮುದುಕರನ್ನು ನೋಡಿದಾಗ ಅರ್ಥವೂ ಕೂಡುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ಇವು ಬೇರೆ ನಮೂದುಗಳು. ಸದ್ಯಕ್ಕೆ ಬೇರೆಯೇ ಇರಲಿ.

ಈಗ ಪನ್ನಾಯ.

ನನ್ನ ಓದು ಸರಿ ಆಗಬೇಕಾದರೆ ‘ಪಣ್’ ಮತ್ತು ‘ಆಯ’ ಸೇರಿ ‘ಪಣ್ಣಾಯ’ ಆಗಬೇಕಿತ್ತು. ಹ್ರಸ್ವದ ಮುಂದಿನ ವ್ಯಂಜನ ಸ್ವರ ಪರವಾದಾಗ ಇಮ್ಮಡಿ ಆಗುವುದು ಸರಿ, ಕಣ್ಣಲ್ಲಿ, ಮಣ್ಣಲ್ಲಿ ಅನ್ನುವ ಹಾಗೆ. ಆದರೆ ಇಮ್ಮಡಿ ಆಗುವಾಗ ಣಕಾರ ನಕಾರ ಆಗುವುದಿಲ್ಲ. ಶಾಸನಗಳಲ್ಲಿ ಇರುವುದು ‘ಪನ್ನಾಯ’, ನಕಾರ. ಹನ್ನೊಂದು, ಹನ್ನೆರಡನೆಯ ಶತಮಾನದ ಲಿಪಿಯಲ್ಲಿ ನಕಾರ ಮತ್ತು ಣಕಾರ ಒಂದನ್ನೊಂದು ಹೋಲುವುದಿಲ್ಲ. ಕಲ್ಲು ಸವೆದಿದ್ದರೆ ಒಂದು ಕಡೆ ಅನುಮಾನ ಬರಬಹುದು, ಆದರೆ ಈ ಪದ ಬರುವುದು ಒಂದು ಕಲ್ಲಿನಲ್ಲಿ ಅಲ್ಲ. ಬನವಾಸಿ ಪನ್ನಿರ್ಚ್ಛಾಸಿರದ ಉದ್ದಕ್ಕೂ, ಅದರ ಆಚೆಗೂ ಬರುತ್ತದೆ. ಕಂಡರಿಸಿದವರೆಲ್ಲ ಒಟ್ಟಿಗೆ ತಪ್ಪಿದರು, ನಾನು ಒಬ್ಬ ಮಾತ್ರ ಸರಿಯಾಗಿ ಓದಿದೆ ಅನ್ನಲಾದೀತೇ? ಅಂದಹಾಗೆ ಆ ‘ಪನ್ನಿರ್ಚ್ಛಾಸಿರ’ದ ಪನ್ ಹತ್ತು ಎಂಬ ಅರ್ಥದ್ದು. ಅಲ್ಲಿ ಹಣ್ಣು ಹುಡುಕಲಿಲ್ಲವಲ್ಲ, ಸದ್ಯ.

ಎರಡನೆಯ ಪರೀಕ್ಷೆ ನೆರೆಮನೆಯದು, ನನಗೆ ನಿಜವಾಗಿ ನಾಚಿಕೆ ತಂದದ್ದು ಇದೇ. ತೆಲುಗಿನಲ್ಲಿ ಹಣ್ಣಿಗೆ ‘ಪಂಡು’. ತೆರಿಗೆಗೆ? ‘ಪನ್ನು’. ಇವತ್ತಿಗೂ ಆಂಧ್ರದ ಯಾವುದೇ ಕಚೇರಿಯಲ್ಲಿ ಆಸ್ತಿ ತೆರಿಗೆ ‘ಆಸ್ತಿ ಪನ್ನು’. ಹಣ್ಣು ಮತ್ತು ತೆರಿಗೆ ಎರಡೂ ಪಕ್ಕಪಕ್ಕದಲ್ಲಿ ಬೇರೆಬೇರೆ ಸದ್ದಿನಲ್ಲಿ ನಿಂತಿವೆ. ಪನ್ನಾಯದ ಪನ್ನ ಇದಕ್ಕೆ ಹತ್ತಿರ. ಇನ್ನೊಂದು ವಿವರಣೆ ಪರ್ಣದಿಂದ ಬಂದದ್ದು, ಎಲೆ, ಮುಖ್ಯವಾಗಿ ವೀಳ್ಯದೆಲೆಯ ಮೇಲಿನ ಸುಂಕ ಅಂತ. ವಿದ್ವಾಂಸರಲ್ಲಿ ಇದಕ್ಕೆ ಒಪ್ಪಿಗೆ ಹೆಚ್ಚು. ಆದರೆ ‘ಅಚ್ಚುಪನ್ನಾಯ’ ಅಂತಲೂ ಬರುತ್ತದೆ, ಅಲ್ಲಿ ಅಚ್ಚು ಅಂದರೆ ನಾಣ್ಯ, ಟಂಕಸಾಲೆ. ಅದಕ್ಕೂ ಎಲೆಗೂ ಏನು ನಂಟು? ಪನ್ನಾಯ ಅನ್ನುವುದು ಒಂದು ಬಗೆಯ ವರಮಾನಕ್ಕೆ ಸಾಮಾನ್ಯ ಹೆಸರು ಅಂತ ತೆಗೆದುಕೊಂಡರೆ ಮಾತ್ರ ಅಚ್ಚುಪನ್ನಾಯ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ನನ್ನ ಒಲವು ಇದರ ಕಡೆಗೆ. ಎಲೆಯ ಪಕ್ಷದವರು ಅಚ್ಚನ್ನು ಹೇಗೆ ವಿವರಿಸುತ್ತಾರೆ ಅನ್ನುವುದನ್ನು ಕೇಳಲು ಸಿದ್ಧನಿದ್ದೇನೆ. ಹಣ್ಣಿನ ಪಕ್ಷದಲ್ಲಿ ಇನ್ನು ನಾನಿಲ್ಲ.

ಮೂರನೆಯದು ಮಾವ ಹೇಳಿದ್ದು. ವಡ್ಡರಾವುಳ, ಪನ್ನಾಯ, ಪೆರ್ಜುಂಕ ಇವು ಸಣ್ಣ ಊರಿನ ಸಂತೆಯ ಕಾಸಲ್ಲ. ಇವುಗಳ ಆಡಳಿತಕ್ಕೆ ದಂಡನಾಯಕರ ಮಟ್ಟದ ಅಧಿಕಾರಿಗಳು ಇರುತ್ತಿದ್ದರು, ಬನವಾಸಿ ನಾಡಿನ ಮಟ್ಟಿಗೆ ಬಳ್ಳಿಗಾವೆಯಂಥ ರಾಜಧಾನಿಯಲ್ಲಿ ಕೂತು ನಡೆಸುತ್ತಿದ್ದರು. ಅಷ್ಟು ದೊಡ್ಡ ವ್ಯವಸ್ಥೆ ನಿಲ್ಲುವುದು ದೂರ ಸಾಗುವ ಸರಕಿನ ಮೇಲೆ. ಎತ್ತಿನ ಮೇಲೆ ಹೇರಿ ದಿನಗಟ್ಟಲೆ ನಡೆದರೂ ಕೆಡದ ಅಡಿಕೆಯ ಹೇರು, ಮೆಣಸಿನ ಹೇರು, ಒದ್ದೆ ಬಟ್ಟೆ ಸುತ್ತಿ ಜೋಪಾನ ಮಾಡಿದ ಎಲೆಯ ಹೇರು. ಹಣ್ಣು ಸಾಗುವುದಿಲ್ಲ. ಹಣ್ಣಾದ ಬಾಳೆ, ಹಣ್ಣಾದ ಹಲಸು ಹೇರಿನಲ್ಲಿ ಎರಡನೆಯ ದಿನವೇ ನೀರುಗಾಯಿ. 1801ರಲ್ಲಿ ಈ ಕಡೆ ಬಂದ ಬುಕಾನನ್ ಇಕ್ಕೇರಿಯ ಸುತ್ತಿನ ಅಡಿಕೆ ತೋಟಗಳನ್ನು ನೋಡಿ ಬರೆದ. ಕೆಳದಿ ಅರಸರ ಬೊಕ್ಕಸ ತುಂಬಿದ್ದೂ ಅಡಿಕೆ, ಮೆಣಸು, ಅಕ್ಕಿಯಿಂದ. ಹಣ್ಣಾಗುವ ಮೊದಲೇ ಕೊಯ್ದು, ಬೇಯಿಸಿ, ಒಣಗಿಸಿ ಕಾಲವನ್ನು ನಿಲ್ಲಿಸಿದ ವಸ್ತುಗಳಿಗೆ ಮಾತ್ರ ಸುಂಕದ ಕಟ್ಟೆ ಕಾದಿತ್ತು. ರೇಟಿಲ್ಲದ್ದಕ್ಕೆ ಯಾವ ರಾಜ ಸುಂಕ ಹಾಕುತ್ತಾನೆ?

ಹಾಗಾದರೆ ಶಾಸನಗಳಲ್ಲಿ ಹಣ್ಣೇ ಇಲ್ಲವೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೆ, ಬೇಕಾದಷ್ಟಿದೆ, ಆದರೆ ಸಂಸ್ಕೃತದ ವೇಷದಲ್ಲಿ. ದಾನಶಾಸನಗಳ ಕೊನೆಯ ಸಾಲುಗಳಿಗೆ ಹೋಗಿ. ಈ ಧರ್ಮವನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಸಾವಿರ ಕವಿಲೆಗಳನ್ನು ದಾನ ಕೊಟ್ಟ ‘ಫಲ’. ಕನ್ನಡ ನಾಡಿನ ಕಲ್ಲುಗಳ ಮೇಲೆ ಹಣ್ಣು ಎಂಬರ್ಥದ ಪದ ಅತಿ ಹೆಚ್ಚು ಸಲ ಬಂದಿರುವುದು ಹೀಗೆ. ಅದು ಮರದ ಹಣ್ಣಲ್ಲ, ಪುಣ್ಯದ್ದು. ಫಲ ಎಂಬ ಸಂಸ್ಕೃತ ಪದವೇ ದ್ರಾವಿಡದ ‘ಪೞಂ’ನಿಂದ ಹೋದದ್ದಿರಬಹುದು ಅಂತ ಹೇಳಿದ ಭಾಷಾಶಾಸ್ತ್ರಜ್ಞರಿದ್ದಾರೆ, ಒಪ್ಪದವರೂ ಇದ್ದಾರೆ. ಅದು ನಿಜವಾದರೆ ನಮ್ಮ ಹಣ್ಣೇ ಉತ್ತರಕ್ಕೆ ಹೋಗಿ ಪುಣ್ಯವಾಗಿ ವಾಪಸ್ ಬಂದು ಶಾಸನದ ಕೊನೆಯ ಸಾಲಿನಲ್ಲಿ ಕೂತಿತು ಅಂತಾಯಿತು. ಇಂಥ ಕಥೆಗಳು ಬಹಳ ರುಚಿ, ಅದಕ್ಕೇ ಇವುಗಳ ಹತ್ತಿರ ಎಚ್ಚರ ಬೇಕು.

‘ಪಕ್ವ’ದ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ, ತೆಗೆದುಹಾಕಿದೆ. ಬೇಯಿಸುವುದಕ್ಕೂ ಹಣ್ಣಾಗುವುದಕ್ಕೂ ಸಂಸ್ಕೃತ ಒಂದೇ ಧಾತು ಬಳಸುತ್ತದೆ. ಅದರಿಂದಲೇ ಹಿಂದಿಯ ಮೂಲಕ ನಮ್ಮ ‘ಪಕ್ಕಾ’ ಬಂತು ಅಂತ ಇಷ್ಟು ಹೇಳಿದರೆ ಸಾಕು. ಕನ್ನಡ ಬೇಯುವುದನ್ನೂ ಹಣ್ಣಾಗುವುದನ್ನೂ ಎಂದೂ ಒಂದು ಮಾಡಲಿಲ್ಲ. ಅಡಿಕೆಯವರನ್ನು ಕೇಳಿ, ಯಾಕೆ ಅಂತ ಹೇಳುತ್ತಾರೆ. ಬೇಯಿಸಿದ್ದೇ ಹಣ್ಣಾಗಬಾರದು ಅಂತ.

ಈ ತಿದ್ದುಪಡಿ ಬರೆಯಲು ಇಷ್ಟು ದಿನ ತೆಗೆದುಕೊಂಡದ್ದಕ್ಕೆ ಕಾರಣ ವಿದ್ವತ್ತಿನದಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ, ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳದ್ದು, ರೈಸ್ 1904ರಲ್ಲಿ ಹೊರತಂದದ್ದು, ನನ್ನ ಮೇಜಿನ ಮೇಲೆಯೇ ಇದೆ. ತೆಲುಗಿನ ಪನ್ನು ಏನು ಅಂತ ಕೇಳಲು ಒಂದು ಫೋನ್ ಸಾಕಿತ್ತು. ತಡೆದದ್ದು ನಾಚಿಕೆ. ಜೊತೆಗೆ ಇನ್ನೊಂದು. ಶರಾವತಿಯ ಹಿನ್ನೀರಿನ ಈಚೆ ಬೆಳೆದ ನಮ್ಮಂಥವರಿಗೆ ‘ನಮ್ಮ ಊರಿನಲ್ಲೂ ಇತ್ತು’ ಅಂತ ಹೇಳಿಕೊಳ್ಳಲು ಏನಾದರೂ ಸಿಕ್ಕರೆ ಬಿಡಲು ಮನಸ್ಸು ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತ ಮೇಲೆ ಗದ್ದೆ, ತೋಟ, ಮನೆಗಳೊಂದಿಗೆ ಎಷ್ಟು ನೆನಪು ಮುಳುಗಿತು ಅಂತ ಈ ಕಡೆಯ ಪ್ರತಿ ಮನೆಯಲ್ಲೂ ಹೇಳುತ್ತಾರೆ. ಹಾಗೆ ಕಳೆದುಕೊಂಡವರ ಕೈಗೆ ನಾನು ಒಂದು ಸುಳ್ಳು ಹಣ್ಣು ಕೊಟ್ಟಿದ್ದೆ. ಕೊಟ್ಟದ್ದನ್ನು ವಾಪಸ್ ಕೇಳುವುದು ಕಷ್ಟ.

ಆ ಶಿಕ್ಷಕರಿಗೆ ನಿನ್ನೆ ಫೋನ್ ಮಾಡಿದೆ. ಹಣ್ಣಿನ ತೆರಿಗೆಯ ಶಾಸನ ಇಲ್ಲ, ಬರೆದವನು ನಾನೇ, ತಪ್ಪು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಕ್ಕಳು ಚಾರ್ಟ್ ಮಾಡಿಬಿಟ್ಟಿದ್ದಾರೆ ಸಾರ್, ಹಲಸಿನಹಣ್ಣು ಬಹಳ ಚೆನ್ನಾಗಿ ಬರೆದಿದ್ದಾರೆ’ ಅಂದರು. ಚಿತ್ರ ಹಾಗೇ ಇರಲಿ, ಕೆಳಗಿನ ಸಾಲು ಬದಲಾಯಿಸೋಣ, ಬದಲಿಗೆ ಅಡಿಕೆಯ ಹೇರಿನ ಸುಂಕದ ವಿಷಯ ಬರೆದು ಕಳಿಸುತ್ತೇನೆ ಅಂದೆ. ಆ ಕಾಗದ ಇವತ್ತು ಬೆಳಿಗ್ಗೆ ಅಂಚೆಗೆ ಹಾಕಿದ್ದೇನೆ. ಸ್ಮರಣ ಸಂಚಿಕೆಯ ಪ್ರತಿ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ, ದಯವಿಟ್ಟು ಪನ್ನಾಯದ ಮುಂದಿನ ಆವರಣವನ್ನು ಪೆನ್ನಿನಲ್ಲಿ ಹೊಡೆದುಹಾಕಿ.